ಎಡಗಿವಿಗೆ ಒಂದು ಅಳತೆ, ಬಲಗಿವಿಗೆ ಇನ್ನೊಂದು

ಧ್ವನಿಮುದ್ರಣಗಳನ್ನು ಕೇಳಿ ಬರಹಕ್ಕೆ ಇಳಿಸುವುದು ನನ್ನ ಕೆಲಸದ ಒಂದು ಪಾಲು. ದಿನಕ್ಕೆ ಮೂರು ನಾಲ್ಕು ಗಂಟೆ ಕಿವಿಯೊಳಗೆ ಇಯರ್‌ಫೋನ್ ಕುಳಿತೇ ಇರುತ್ತದೆ. ಇಷ್ಟು ಬಳಸುವವನಿಗೆ ಅದನ್ನು ಆರಿಸುವುದು ಗೊತ್ತಿರಬೇಕಿತ್ತು, ಗೊತ್ತಿರಲಿಲ್ಲ. ಮೊದಲ ಸಲ ಅಗ್ಗದ್ದನ್ನು ಕೊಂಡು ಎಡವಿದೆ. ಎರಡನೆಯ ಸಲ ಅದರ ಆರು ಪಟ್ಟು ಬೆಲೆಯದನ್ನು ಕೊಂಡು ಎಡವಿದೆ. ಮೂರನೆಯದು ನಾಲ್ಕು ವರ್ಷದಿಂದ ಜೊತೆಗಿದೆ. ಅದರ ಬೆಲೆ ಎರಡನೆಯದರ ಮೂರನೇ ಒಂದರಷ್ಟು.

ಮೊದಲನೆಯದನ್ನು ಆರಿಸಿದ್ದು ಪೆಟ್ಟಿಗೆಯ ಮೇಲಿನ ಬರಹ ನೋಡಿ. 20 ಹರ್ಟ್ಸ್‌ನಿಂದ 40,000 ಹರ್ಟ್ಸ್‌ವರೆಗೆ ನುಡಿಸುತ್ತದೆ ಎಂದಿತ್ತು. ಮನುಷ್ಯನ ಕಿವಿಗೆ ಎಳೆಯ ವಯಸ್ಸಿನಲ್ಲೇ ಸುಮಾರು 20,000 ಹರ್ಟ್ಸ್‌ನಿಂದ ಆಚೆಗೆ ಕೇಳಿಸುವುದಿಲ್ಲ. ನಡುವಯಸ್ಸಿಗೆ ಆ ಮಿತಿ ಇನ್ನಷ್ಟು ಕೆಳಗಿಳಿದಿರುತ್ತದೆ. ಬಾವಲಿಗೆ ಕೊಡಬೇಕಾದ ಭರವಸೆಯನ್ನು ನನಗೆ ಕೊಟ್ಟಿದ್ದರು, ನಾನೂ ಹಿಗ್ಗಿ ಹಣ ಕೊಟ್ಟಿದ್ದೆ. ಆ ವ್ಯಾಪ್ತಿಯೊಳಗೆ ಯಾವ ಸದ್ದು ಎಷ್ಟು ಉಬ್ಬಿದೆ, ಎಷ್ಟು ತಗ್ಗಿದೆ ಎನ್ನುವುದೇ ಮುಖ್ಯ. ಅದನ್ನು ಪೆಟ್ಟಿಗೆ ಹೇಳುವುದಿಲ್ಲ.

ಮೊದಲ ಸಂಜೆ ಸೊಗಸಾಗಿಯೇ ಇತ್ತು. ಬಾಸ್, ಅಂದರೆ ದಪ್ಪನೆಯ ಕೆಳಸ್ವರ, ಗುದ್ದುತ್ತಿತ್ತು, ತಾಳದ ಸದ್ದು ಮಿಂಚುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಕೆಲಸದ ಮಾತುಗಳಲ್ಲಿನ ‘ಸ’, ‘ಶ’ ಅಕ್ಷರಗಳೆಲ್ಲ ಸೂಜಿಯಾಗಿ ಚುಚ್ಚತೊಡಗಿದವು. ಉಸಿರಿನ ಆ ಸದ್ದುಗಳು ಹೆಚ್ಚಾಗಿ 5,000ದಿಂದ 8,000 ಹರ್ಟ್ಸ್ ಆಸುಪಾಸಿನಲ್ಲಿ ಇರುತ್ತವೆ. ನನ್ನ ಇಯರ್‌ಫೋನ್ ಸರಿಯಾಗಿ ಅಲ್ಲೇ ಉಬ್ಬಿತ್ತು. ಮೂರು ನಿಮಿಷದ ಹಾಡಿನಲ್ಲಿ ಹೊಳಪೆನಿಸಿದ್ದು ಮೂರು ಗಂಟೆಯ ಮಾತಿನಲ್ಲಿ ಶಿಕ್ಷೆಯಾಯಿತು. ಜೊತೆಗೆ ಇನ್ನೊಂದು ವಿಚಿತ್ರ: ಕುಳಿತಾಗ ಇದ್ದ ಬಾಸ್ ನಡೆಯುವಾಗ ಮಾಯವಾಗುತ್ತಿತ್ತು. ಅದು ವಸ್ತುವಿನ ದೋಷ ಎಂದೇ ತೀರ್ಮಾನಿಸಿದೆ. ಆ ತೀರ್ಮಾನ ಅರ್ಧ ತಪ್ಪಾಗಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಅಗ್ಗದ್ದು ಕೊಂಡದ್ದೇ ತಪ್ಪು ಎಂದುಕೊಂಡು ಎರಡನೆಯ ಸಲ ಕೈ ಬಿಚ್ಚಿದೆ. ಒಂದೊಂದು ಬದಿಗೆ ಐದೈದು ಬ್ಯಾಲೆನ್ಸ್ಡ್ ಆರ್ಮೇಚರ್ ಡ್ರೈವರ್‌ಗಳಿದ್ದ ಇಯರ್‌ಫೋನ್ ಅದು. ಸಾಮಾನ್ಯ ಡೈನಾಮಿಕ್ ಡ್ರೈವರ್ ಎಂದರೆ ಸುರುಳಿ, ಅಯಸ್ಕಾಂತ, ತೆಳುಪೊರೆ ಇರುವ ಪುಟ್ಟ ಧ್ವನಿವರ್ಧಕ. ಬ್ಯಾಲೆನ್ಸ್ಡ್ ಆರ್ಮೇಚರ್ ಬೇರೆ ಜಾತಿಯದು. ಕಿವಿ ಮಂದವಾದವರು ಹಾಕಿಕೊಳ್ಳುವ ಶ್ರವಣ ಸಾಧನಗಳಲ್ಲಿ ದುಡಿದು ಪಳಗಿದ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಸಾಧನ. ಎಟಿಮೋಟಿಕ್ ಸಂಸ್ಥೆ 1991ರಲ್ಲಿ ತಂದ ‘ಇಆರ್-4’ ಅದನ್ನು ಸಂಗೀತ ಕೇಳುವವರ ಕಿವಿಗೆ ತಲುಪಿಸಿತು. ಮಾತನ್ನು ಸ್ಪಷ್ಟವಾಗಿ ಕೇಳಿಸುವುದು ಅದರ ಹುಟ್ಟುಗುಣ. ನನಗೂ ಹಾಗೇ ಕೇಳಿಸಿತು. ಮುದ್ರಣದಲ್ಲಿ ಯಾರೋ ಕಾಗದ ತಿರುವಿದ್ದು, ಹಿಂದೆ ಕುರ್ಚಿ ಸರಿಸಿದ್ದು ಕೂಡ ಗೊತ್ತಾಗುತ್ತಿತ್ತು.

ಹಾಗಿದ್ದರೆ ಎಡವಿದ್ದೆಲ್ಲಿ? ಮೂರು ಕಡೆ. ಅದರ ಸಂವೇದನೆ ಎಷ್ಟು ಹೆಚ್ಚೆಂದರೆ ಹಳೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿದೊಡನೆ, ಏನೂ ನುಡಿಯದಿದ್ದಾಗಲೂ, ಹಿನ್ನೆಲೆಯಲ್ಲಿ ‘ಸುಯ್’ ಎನ್ನುವ ಸದ್ದು ಕೇಳುತ್ತಿತ್ತು. ಅದೇ ಇಯರ್‌ಫೋನ್ ಮೊಬೈಲಿನಲ್ಲಿ ಒಂದು ಬಗೆಯಾಗಿ, ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಬಗೆಯಾಗಿ ನುಡಿಯುತ್ತಿತ್ತು. ನನ್ನ ಕಿವಿಯನ್ನೇ ಅನುಮಾನಿಸಿದ ಮೇಲೆ ಕಾರಣ ತಿಳಿಯಿತು. ಇಂಥ ಬಹು ಡ್ರೈವರ್ ಇಯರ್‌ಫೋನ್‌ಗಳ ವಿದ್ಯುತ್ ತಡೆ ಎಲ್ಲ ಸ್ವರಗಳಿಗೂ ಒಂದೇ ಇರುವುದಿಲ್ಲ. ಒಂದು ಸ್ವರಕ್ಕೆ 10 ಓಮ್ ಇದ್ದರೆ ಇನ್ನೊಂದಕ್ಕೆ 40 ಓಮ್ ಇರಬಹುದು. ನುಡಿಸುವ ಉಪಕರಣದ ಒಳತಡೆಯೂ ಹೆಚ್ಚಿದ್ದರೆ ತಡೆ ಕಡಿಮೆಯಿರುವ ಸ್ವರಗಳಿಗೆ ಪೂರೈಕೆ ತಗ್ಗುತ್ತದೆ. ಅಲ್ಲಿಗೆ ಧ್ವನಿಯ ಮುಖವೇ ಬದಲಾಗುತ್ತದೆ. ಉಪಕರಣದ ಒಳತಡೆ ಇಯರ್‌ಫೋನಿನ ತಡೆಯ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಎನ್ನುವುದು ಬಲ್ಲವರ ಲೆಕ್ಕ. ಇವೆರಡಕ್ಕೂ ಬೆರಳುಗಾತ್ರದ ಒಂದು ಒಳ್ಳೆಯ ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಸಂಕೇತವನ್ನು ಇಯರ್‌ಫೋನಿಗೆ ಬೇಕಾದ ವಿದ್ಯುತ್ ಸಂಕೇತವಾಗಿಸುವ ಸಾಧನ) ಪರಿಹಾರ ಕೊಟ್ಟಿತು.

ಮೂರನೆಯದಕ್ಕೆ ಪರಿಹಾರವೇ ಇರಲಿಲ್ಲ. ಐದು ಡ್ರೈವರ್‌ಗಳ ಆ ಗೂಡು ದಪ್ಪ, ಕಿವಿಗೆ ಹೋಗುವ ಕೊಳವೆಯೂ ದಪ್ಪ. ನಲವತ್ತು ನಿಮಿಷಕ್ಕೆ ಬಲಗಿವಿ ನೋಯುತ್ತಿತ್ತು. ಎಂಥ ದಿವ್ಯ ನಾದವಾದರೂ ನೋಯುವ ಕಿವಿಗೆ ಅದು ನೋವೇ. ವಿಮರ್ಶೆಗಳಲ್ಲಿ ಧ್ವನಿಗೆ ಹತ್ತು ಪ್ಯಾರಾ, ಕೂರುವ ಹದಕ್ಕೆ ಒಂದು ಸಾಲು ಇರುತ್ತದೆ. ನನ್ನನ್ನು ಕೇಳಿದರೆ ಆ ಲೆಕ್ಕ ತಲೆಕೆಳಗಾಗಬೇಕು.

ಅಲ್ಲಿಯವರೆಗೆ ವಸ್ತುಗಳ ಬಗ್ಗೆ ರಾಶಿ ಓದಿದ್ದೆ, ನನ್ನ ಆಲಿಸುವಿಕೆಯ ಬಗ್ಗೆ ಒಂದು ಸಾಲೂ ಬರೆದುಕೊಂಡಿರಲಿಲ್ಲ. ಎರಡು ವಾರ ಒಂದು ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿದೆ: ಏನು ಕೇಳಿದೆ, ಎಲ್ಲಿ, ಎಷ್ಟು ಹೊತ್ತು, ಧ್ವನಿ ಎಷ್ಟು ಏರಿಸಿದ್ದೆ. ಸಂಗೀತ ಕೇಳುವವನು ಎಂದು ನನ್ನ ಬಗ್ಗೆ ನಾನೇ ಹೇಳಿಕೊಳ್ಳುತ್ತಿದ್ದೆನಲ್ಲ, ಲೆಕ್ಕ ಬೇರೆಯೇ ಹೇಳಿತು. ವಾರಕ್ಕೆ ಸುಮಾರು 22 ಗಂಟೆ ಆಲಿಸಿದ್ದೆ. ಅದರಲ್ಲಿ 14 ಗಂಟೆ ಬರೀ ಮಾತು. ಉಳಿದದ್ದರಲ್ಲಿ ಹಾಡುಗಾರಿಕೆ ಮತ್ತು ಕೊಳಲಿನದೇ ಮೇಲುಗೈ. ಬಾಸ್ ಗುದ್ದಬೇಕಾದ ಸಂಗೀತ ವಾರಕ್ಕೆ ಒಂದು ಗಂಟೆಯೂ ಇರಲಿಲ್ಲ. ಹೆಚ್ಚಿನದೆಲ್ಲ ಮೇಜಿನ ಮುಂದೆ, ತಗ್ಗಿದ ಧ್ವನಿಯಲ್ಲಿ.

ಇದಾದ ಮೇಲೆ ಮಾಡಿದ ಒಂದು ಕೆಲಸಕ್ಕೆ ಖರ್ಚೇ ಇರಲಿಲ್ಲ, ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದೂ ಅದೇ. ಮೊದಲ ಅಗ್ಗದ ಇಯರ್‌ಫೋನನ್ನೇ ತೆಗೆದು ಬೇರೆ ಬೇರೆ ಸ್ವರಗಳನ್ನು ಏರಿಸಿ ಇಳಿಸುವ ಮೊಬೈಲಿನ ಈಕ್ವಲೈಸರ್ ತೆರೆದು ಕುಳಿತೆ. ನನಗೆ ಚೆನ್ನಾಗಿ ಪರಿಚಯವಿರುವ ಐದೇ ತುಣುಕುಗಳು: ಒಂದು ಗಂಡು ಧ್ವನಿ, ಒಂದು ಹೆಣ್ಣು ಧ್ವನಿ, ಕೊಳಲು, ತಬಲಾ, ಒಂದು ಕಿಕ್ಕಿರಿದ ವಾದ್ಯಮೇಳ. 6,000 ಹರ್ಟ್ಸ್ ಸುತ್ತ ನಾಲ್ಕು ಡೆಸಿಬೆಲ್ ಇಳಿಸಿದೆ. ‘ಸ’ಕಾರದ ಚುಚ್ಚು ಹೋಯಿತು, ಕೊಳಲಿನ ಉಸಿರು ಉಳಿಯಿತು. ಎಂಟು ಇಳಿಸಿದರೆ ಉಸಿರೂ ಹೋಯಿತು. 100 ಹರ್ಟ್ಸ್‌ನ ಕೆಳಗೆ ನಾಲ್ಕು ಡೆಸಿಬೆಲ್ ಏರಿಸಿದರೆ ತಬಲಾ ಜೋಡಿಯ ಎಡಗಡೆಯ ಡಗ್ಗಾಕ್ಕೆ ಮೈ ಬಂತು. ಏಳು ಏರಿಸಿದರೆ ಗಂಡು ಧ್ವನಿ ಕಂಬಳಿ ಹೊದ್ದು ಮಾತನಾಡಿದಂತಾಯಿತು. ಮೂರು ಸಂಜೆಗಳಲ್ಲಿ ನನ್ನ ರುಚಿ ಅಂಕಿಗಳಾಗಿ ಕಾಗದದ ಮೇಲೆ ಬಂತು. ‘ಬೆಚ್ಚಗಿನ ಧ್ವನಿ’, ‘ವಿಶಾಲ ವೇದಿಕೆ’ ಎಂಬ ಮಾತುಗಳ ಹಿಂದೆ ಅಲೆಯುವುದು ಅಲ್ಲಿಗೆ ನಿಂತಿತು.

ತಗ್ಗಿದ ಧ್ವನಿಯಲ್ಲಿ ಕೇಳುವವನಿಗೆ ಒಂದಿಷ್ಟು ಹೆಚ್ಚು ಬಾಸ್ ಬೇಕೆನಿಸುವುದು ಸಹಜ. ಧ್ವನಿ ತಗ್ಗಿದಷ್ಟೂ ಕಿವಿ ಕೆಳಸ್ವರಗಳನ್ನು ಹೆಚ್ಚು ಕಳೆದುಕೊಳ್ಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ರೇಖೆಗಳಾಗಿ ಬರೆದಿಟ್ಟಿದ್ದಾರೆ. ಹಾಗಾಗಿ ಸ್ನೇಹಿತ ಗಟ್ಟಿಯಾಗಿ ಕೇಳಿ ಮೆಚ್ಚಿದ್ದು ನನಗೆ ಸಪ್ಪೆ ಎನಿಸಿದರೆ ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ.

ಈ ಅಂಕಿಗಳನ್ನು ಕೈಯಲ್ಲಿ ಹಿಡಿದು, ಇಯರ್‌ಫೋನ್ ಯಾವ ಸ್ವರವನ್ನು ಎಷ್ಟು ಗಟ್ಟಿಯಾಗಿ ನುಡಿಸುತ್ತದೆ ಎಂದು ತೋರಿಸುವ ಅಳತೆಯ ನಕ್ಷೆಗಳನ್ನು ನೋಡಿದೆ. ಆರಂಭದಲ್ಲಿ ಗಾಬರಿಯಾಗುತ್ತದೆ: 3,000 ಹರ್ಟ್ಸ್ ಬಳಿ ಬಹುತೇಕ ಎಲ್ಲ ಇಯರ್‌ಫೋನ್‌ಗಳಿಗೂ ಒಂದು ದೊಡ್ಡ ಗುಡ್ಡ. ಅದು ದೋಷವಲ್ಲ. ತೆರೆದ ಕಿವಿಯ ಕಾಲುವೆ ಆ ಸ್ವರಗಳನ್ನು ತಾನಾಗಿ ಹಿಗ್ಗಿಸುತ್ತದೆ. ಕಾಲುವೆಯ ಬಾಯಿ ಮುಚ್ಚಿದಾಗ ಆ ಹಿಗ್ಗು ಕೆಡುವುದರಿಂದ ಇಯರ್‌ಫೋನೇ ಅದನ್ನು ತುಂಬಿಕೊಡಬೇಕು. ಧ್ವನಿ ಉಪಕರಣಗಳ ಹಾರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಸಂಗಡಿಗರು ಕೇಳುಗರನ್ನು ಕೂರಿಸಿ ಪರೀಕ್ಷಿಸಿ, ಹೆಚ್ಚಿನವರು ಮೆಚ್ಚುವ ರೇಖೆಯೊಂದನ್ನು ರೂಪಿಸಿದ್ದಾರೆ. ನಕ್ಷೆ ಓದಲು ಅದು ಒಳ್ಳೆಯ ಅಳತೆಗೋಲು. ನನಗೆ ಮಾತ್ರ ಅದರ ಬಾಸ್ ತುಸು ಜಾಸ್ತಿ. 8,000 ಹರ್ಟ್ಸ್‌ನಿಂದ ಆಚೆಗೆ ನಕ್ಷೆಯನ್ನು ನಂಬಿ ಕೂಡುವುದು ಬೇಡ. ಅಳೆಯುವ ಕೃತಕ ಕಿವಿಯ ಸ್ವಂತ ಅನುರಣನ ಅಲ್ಲೇ ಬರುತ್ತದೆ, ಇಯರ್‌ಫೋನ್ ಎಷ್ಟು ಒಳಗೆ ಹೋಗಿದೆ ಎನ್ನುವುದರ ಮೇಲೆ ಆ ಮೊನೆ ಆಚೀಚೆ ಸರಿಯುತ್ತದೆ.

ನಾಲ್ಕು ಇಯರ್‌ಫೋನ್‌ಗಳನ್ನು ಎರವಲು ತಂದೋ ಹಿಂದಿರುಗಿಸುವ ಷರತ್ತಿನ ಮೇಲೋ ಕೇಳಿದೆ. ಎರಡನ್ನು ಹೋಲಿಸುವಾಗ ಒಂದು ಕೂದಲೆಳೆ ಗಟ್ಟಿಯಾಗಿರುವುದೇ ಗೆಲ್ಲುತ್ತದೆ. ಅದಕ್ಕೇ 1,000 ಹರ್ಟ್ಸ್‌ನ ಒಂಟಿ ಸ್ವರ ಹಾಕಿ ಎರಡೂ ಸಮವಾಗಿ ಕೇಳುವಂತೆ ಧ್ವನಿ ಹೊಂದಿಸಿದೆ. ಒರಟು ಉಪಾಯವೇ, ಆದರೂ ಬರೀ ಗದ್ದಲಕ್ಕೆ ಮರುಳಾಗುವುದು ತಪ್ಪಿತು. ನಾಲ್ಕರಲ್ಲಿ ಎರಡು ಅಲ್ಲಿಗೇ ಬಿದ್ದುಹೋದವು.

ಈ ಹೋಲಿಕೆಯ ನಡುವೆಯೇ ಕಿವಿಯ ಗುಟ್ಟು ಬಯಲಾಯಿತು. ಯಾವ ಇಯರ್‌ಫೋನ್ ಹಾಕಿದರೂ ಬಾಸ್ ಬಲಕ್ಕೆ ವಾಲುತ್ತಿತ್ತು. 40 ಹರ್ಟ್ಸ್‌ನ ಸ್ವರ ಹಾಕಿ ಎಡಬದಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದೆ; ಬಾಸ್ ಒಮ್ಮೆಲೇ ತುಂಬಿಕೊಂಡಿತು. ಬಿಟ್ಟೆ, ಹೋಯಿತು. ನನ್ನ ಎಡಗಿವಿಯ ಕಾಲುವೆ ಬಲಗಿವಿಯದಕ್ಕಿಂತ ಅಗಲ. ಪೆಟ್ಟಿಗೆಯಲ್ಲಿ ಬರುವ ಮಧ್ಯಮ ಗಾತ್ರದ ಸಿಲಿಕೋನ್ ತುದಿ ಎಡಕ್ಕೆ ಸೋರುತ್ತಿತ್ತು, ಬಲಕ್ಕೆ ಸರಿಯಾಗಿತ್ತು. ಕೂದಲಿನಷ್ಟು ಸಂದಿಯಿದ್ದರೂ ಕೆಳಸ್ವರದ ಒತ್ತಡ ಹೊರಗೆ ಹರಿದುಹೋಗುತ್ತದೆ. ಎಡಕ್ಕೆ ದೊಡ್ಡದು, ಬಲಕ್ಕೆ ಮಧ್ಯಮದ್ದು ಹಾಕಿದೆ. ಎರಡು ಕಿವಿಗೆ ಎರಡು ಅಳತೆ ಹಾಕಬಾರದೆಂದು ಯಾರೂ ಹೇಳಿರಲಿಲ್ಲ, ಹಾಕಬಹುದೆಂದು ನನಗೂ ಹೊಳೆದಿರಲಿಲ್ಲ. ಫೋಮ್ ತುದಿಗಳನ್ನೂ ನೋಡಿದೆ. ಬೆರಳಲ್ಲಿ ಹೊಸೆದು ತೂರಿಸಿದರೆ ಕಿವಿಯೊಳಗೆ ಉಬ್ಬಿ ಬಿಗಿಯಾಗಿ ಕೂರುತ್ತವೆ, ಹೊರಗಿನ ಸದ್ದನ್ನು ಚೆನ್ನಾಗಿ ತಡೆಯುತ್ತವೆ, ಟ್ರೆಬಲ್ಲಿನ, ಅಂದರೆ ಮೇಲುಸ್ವರಗಳ, ಮೊನಚನ್ನೂ ತುಸು ಮೊಂಡು ಮಾಡುತ್ತವೆ. ಕೆಲವು ತಿಂಗಳಿಗೆ ಸವೆದುಹೋಗುವುದರಿಂದ ಆ ಖರ್ಚು ಮರುಕಳಿಸುತ್ತಲೇ ಇರುತ್ತದೆ.

ಬಿಗಿಯಾಗಿ ಕೂತರೆ ಇನ್ನೊಂದು ಲಾಭ: ಹೊರಗಿನ ಗಲಾಟೆಯನ್ನು ಮೀರಿಸಲು ಧ್ವನಿ ಏರಿಸಬೇಕಾಗುವುದಿಲ್ಲ. ವಾರಕ್ಕೆ 80 ಡೆಸಿಬೆಲ್ಲಿನಲ್ಲಿ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಗಡಿ. 90ಕ್ಕೆ ಏರಿದರೆ ಆ ಗಡಿ 4 ಗಂಟೆಗೆ ಕುಗ್ಗುತ್ತದೆ. ವಾರಕ್ಕೆ 22 ಗಂಟೆ ಕೇಳುವವನು ಈ ಲೆಕ್ಕವನ್ನು ಮರೆತು ಬದುಕಲಾಗದು.

ತಂತಿಯಿಲ್ಲದ್ದು ಬೇಡವೇ ಎಂದು ಎಲ್ಲರೂ ಕೇಳುತ್ತಾರೆ. ಗಂಭೀರವಾಗಿಯೇ ಯೋಚಿಸಿದ್ದೆ. ನಡೆಯುವಾಗ ಅದರ ಸುಖವೇ ಬೇರೆ. ವಾಹನದ ಗುಡುಗುಡು ಸದ್ದಿನಂಥ ಕೆಳಸ್ವರದ ಗದ್ದಲವನ್ನು ಅಳಿಸುವುದರಲ್ಲಿ ನಾಯ್ಸ್ ಕ್ಯಾನ್ಸಲೇಷನ್ ನಿಜಕ್ಕೂ ಸಮರ್ಥ. ನನ್ನ ಕೆಲಸಕ್ಕೆ ಮಾತ್ರ ಹೊಂದಲಿಲ್ಲ. ನಿಲ್ಲಿಸು, ಎರಡು ಸೆಕೆಂಡ್ ಹಿಂದಕ್ಕೆ ಹೋಗು, ಮತ್ತೆ ನುಡಿಸು ಎಂದು ದಿನಕ್ಕೆ ನೂರಾರು ಸಲ ಗುಂಡಿ ಒತ್ತುವವನಿಗೆ ಬ್ಲೂಟೂತ್‌ನ ಚೂರು ವಿಳಂಬವೂ ಕಾಲಿಗೆ ಸಿಕ್ಕ ಕಲ್ಲು. ಅದಕ್ಕಿಂತ ದೊಡ್ಡ ತಕರಾರು ಬ್ಯಾಟರಿಯದು. ಗುಂಡಿಯಷ್ಟು ಚಿಕ್ಕ ಬ್ಯಾಟರಿ ಕೆಲವು ನೂರು ಬಾರಿ ತುಂಬಿ ಖಾಲಿಯಾಗುವಷ್ಟರಲ್ಲಿ ಸೊರಗುತ್ತದೆ, ಹೆಚ್ಚಿನವುಗಳಲ್ಲಿ ಬದಲಿಸಲು ದಾರಿಯಿಲ್ಲ. ನನ್ನಷ್ಟು ಬಳಸಿದರೆ ಎರಡು ಮೂರು ವರ್ಷಕ್ಕೊಮ್ಮೆ ಪೂರ್ತಿ ಹಣ ಮತ್ತೆ ಹಾಕಬೇಕು. ಬ್ಲೂಟೂತ್‌ನಲ್ಲಿ ಕಳಿಸಲು ಧ್ವನಿಯನ್ನು ಅಡಕಗೊಳಿಸುವ ಕೋಡೆಕ್‌ಗಳ ಜಗಳಕ್ಕೆ ನಾನು ತಲೆ ಕೊಡಲಿಲ್ಲ. ಸೋರುವ ತುದಿ ಕೆಡಿಸುವಷ್ಟು ಧ್ವನಿಯನ್ನು ಯಾವ ಕೋಡೆಕ್ಕೂ ಕೆಡಿಸುವುದಿಲ್ಲ.

ಹಣವನ್ನು ಹೀಗೆ ಹಂಚಿದೆ: ತೆಗೆದಿಟ್ಟದ್ದರಲ್ಲಿ ಮುಕ್ಕಾಲು ಪಾಲು ಇಯರ್‌ಫೋನಿಗೆ, ಉಳಿದದ್ದು ಬೇರೆ ಬೇರೆ ಗಾತ್ರದ ತುದಿಗಳಿಗೆ ಮತ್ತು ಒಂದು ಮೀಸಲು ತಂತಿಗೆ. ಡ್ಯಾಕ್ ಹೇಗೂ ಇತ್ತು. ತಂತಿ ಕಳಚುವಂತಿರಲೇಬೇಕು ಎಂದು ಹಟ ಹಿಡಿದದ್ದು ಒಳ್ಳೆಯದಾಯಿತು. ಎರಡನೆಯ ವರ್ಷ ಪ್ಲಗ್ಗಿನ ಕುತ್ತಿಗೆಯ ಬಳಿ ತಂತಿ ಸತ್ತಿತು. 0.78 ಮಿಲಿಮೀಟರಿನ ಎರಡು ಮೊಳೆಯ ಜೋಡಣೆ ಆದ್ದರಿಂದ ಮೀಸಲು ತಂತಿ ಸಿಕ್ಕಿಸಿ ಹತ್ತು ನಿಮಿಷದಲ್ಲಿ ಕೆಲಸಕ್ಕೆ ಕುಳಿತೆ.

ಕೊನೆಗೆ ಆರಿಸಿದ್ದು ಒಂದೊಂದು ಬದಿಗೆ ಒಂದೇ ಡೈನಾಮಿಕ್ ಡ್ರೈವರ್ ಇರುವ, ಪುಟ್ಟ ಗೂಡಿನ, ಕಿವಿಯ ಮೇಲಿಂದ ತಂತಿ ಬಳಸಿ ಹಾಕಿಕೊಳ್ಳುವ ಇಯರ್‌ಫೋನ್. ಎರಡನೆಯದರಲ್ಲಿ ಕೇಳಿಸುತ್ತಿದ್ದ ಕಾಗದದ ಸರಬರ ಇದರಲ್ಲಿ ಅಷ್ಟು ಬಿಡಿಸಿ ಕೇಳುವುದಿಲ್ಲ, ಒಪ್ಪುತ್ತೇನೆ. ಕೊಳಲು ಕೇಳುವಾಗ ಕೆಲವೊಮ್ಮೆ ಆ ದುಬಾರಿ ಸಂಗಾತಿಯ ನೆನಪಾಗುತ್ತದೆ. ಆದರೆ ಮೂರು ಗಂಟೆ ಕಳೆದ ಮೇಲೂ ಇದು ಕಿವಿಯಲ್ಲಿರುವುದೇ ಮರೆತಿರುತ್ತದೆ.

ಮೊದಲನೆಯದಕ್ಕೂ ನ್ಯಾಯ ಸಲ್ಲಿಸೋಣವೆಂದು ಒಂದು ದಿನ ಎಡಕ್ಕೆ ದೊಡ್ಡ ತುದಿ ಹಾಕಿ ಕೇಳಿದೆ. ನಡೆಯುವಾಗ ಮಾಯವಾಗುತ್ತಿದ್ದ ಬಾಸ್ ಜಗ್ಗದೆ ನಿಂತಿತು. ಆ ತಪ್ಪು ಅದರದಾಗಿರಲಿಲ್ಲ. ‘ಸ’ಕಾರ ಮಾತ್ರ ಮೊದಲಿನಂತೆಯೇ ಚುಚ್ಚಿತು. ಅದನ್ನು ಅಕ್ಕನ ಮಗನಿಗೆ ಕೊಟ್ಟೆ. ಅವನಿಗೆ ಡ್ರಮ್ಸ್ ಎಂದರೆ ಪ್ರಾಣ, ಮಾತು ಕೇಳುವ ಗೊಡವೆಯೇ ಇಲ್ಲ. ತುದಿಗಳನ್ನು ಒಂದೊಂದಾಗಿ ಹಾಕಿ ನೋಡಿದೆವು. ಅವನ ಎರಡು ಕಿವಿಗೂ ಚಿಕ್ಕದೇ ಸರಿಹೊಂದಿತು.