ಸೆರಗಿನ ಕೆಂಪು ಎಲ್ಲಿ ಹೋಯಿತು?

"ತಮ್ಮಾ, ಹೊಸ ಸೀರೆಯಪ್ಪಾ ಇದು. ಹತ್ತು ಸಲ ಒಗೆದ ಹಾಗೆ ಕಾಣುತ್ತದಲ್ಲ?"

ಕೊಪ್ಪಳದ ನನ್ನ ಸ್ಟುಡಿಯೊದಲ್ಲಿ 12×18ರ ಪ್ರಿಂಟ್ ಹಿಡಿದು ಮದುಮಗಳ ತಾಯಿ ಕೇಳಿದರು. ಇಳಕಲ್ ಸೆರಗಿನ ಕೆಂಪು ಇಟ್ಟಿಗೆಯ ಬಣ್ಣಕ್ಕೆ ಇಳಿದಿತ್ತು, ಚಪ್ಪರದ ಮಾವಿನ ತೋರಣವೂ ಬಾಡಿತ್ತು. ಲ್ಯಾಬಿನವರಿಗೆ ಫೋನ್ ಮಾಡಿ ಕೂಗಾಡಿದೆ. ತಪ್ಪು ನನ್ನದೇ ಎಂದು ತಿಳಿಯಲು ಒಂದು ವಾರ ಹಿಡಿಯಿತು.

ಸುಳಿವು ಫೈಲಿನ ಹೆಸರಿನಲ್ಲೇ ಇತ್ತು. ಪ್ರತಿ ಹೆಸರೂ ಅಂಡರ್‌ಸ್ಕೋರ್‌ನಿಂದ ಶುರುವಾಗುತ್ತಿತ್ತು. ಕ್ಯಾಮೆರಾವನ್ನು ಅಡೋಬ್ ಆರ್‌ಜಿಬಿಗೆ (ಬಣ್ಣಗಳನ್ನು ಅಂಕಿಯಲ್ಲಿ ಬರೆಯುವ ಒಂದು ದೊಡ್ಡ ಅಳತೆ) ಇಟ್ಟರೆ ಹಾಗಾಗುತ್ತದೆ. ಬಣ್ಣ ಹೆಚ್ಚು ಹಿಡಿಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ನಾನೇ ಇಟ್ಟಿದ್ದೆ. ಲ್ಯಾಬಿನ ಯಂತ್ರವೋ, ಬಂದ ಫೈಲನ್ನೆಲ್ಲ ಎಸ್‌ಆರ್‌ಜಿಬಿ ಎಂಬ ಚಿಕ್ಕ ಅಳತೆಯದು ಎಂದೇ ಓದುತ್ತಿತ್ತು, ಅದಕ್ಕೇ ಬಣ್ಣ ಮಾಸುತ್ತಿತ್ತು. ನನ್ನ ಫೋಟೋಶಾಪ್ ಮಾತ್ರ ಫೈಲಿನೊಳಗಿನ ಪ್ರೊಫೈಲನ್ನು (ಬಣ್ಣ ಯಾವ ಅಳತೆಯದು ಎಂದು ಹೇಳುವ ಚೀಟಿ) ಓದಿಕೊಂಡು ಸರಿಯಾದ ಬಣ್ಣ ತೋರಿಸುತ್ತಿದ್ದರಿಂದ ನನಗೆ ಅನುಮಾನವೇ ಬರಲಿಲ್ಲ.

ಸರಿಪಡಿಸಲು ಹೋಗಿ ಇನ್ನೊಂದು ತಪ್ಪು ಮಾಡಿದೆ. 'ಅಸೈನ್ ಪ್ರೊಫೈಲ್' ಒತ್ತಿ ಎಸ್‌ಆರ್‌ಜಿಬಿ ಆರಿಸಿದೆ. ಪರದೆಯ ಮೇಲೂ ಸೀರೆ ಮಾಸಿತು! ಒತ್ತಬೇಕಾಗಿದ್ದು 'ಕನ್ವರ್ಟ್ ಟು ಪ್ರೊಫೈಲ್'. ನಮ್ಮ ಗಂಗಾವತಿ ಅಕ್ಕಿಯ ಲೆಕ್ಕದಲ್ಲಿ ಹೇಳುವುದಾದರೆ, ಹತ್ತು ಸೇರು ಅಕ್ಕಿಯನ್ನು ತೂಗಿ ಎಷ್ಟು ಕಿಲೋ ಎಂದು ಬರೆಯುವುದು ಕನ್ವರ್ಟ್. ಅಂಕಿ ಬದಲಾಗುತ್ತದೆ, ಅಕ್ಕಿ ಅಷ್ಟೇ ಇರುತ್ತದೆ. ತೂಗದೆ, ಚೀಟಿಯಲ್ಲಿ 'ಸೇರು' ಹೊಡೆದು 'ಕಿಲೋ' ಎಂದು ತಿದ್ದುವುದು ಅಸೈನ್.

ಬಣ್ಣ ಬಂತು. ಆದರೆ ಪ್ರಿಂಟ್ ಕಪ್ಪಾಯಿತು. ಅದಕ್ಕೆ ಪ್ರೊಫೈಲ್ ಕಾರಣವಲ್ಲ, ಮಾನಿಟರ್ ಪೂರ್ತಿ ಬೆಳಕಿನಲ್ಲಿ ಉರಿಯುತ್ತಿದ್ದರಿಂದ ಚಿತ್ರ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತಿತ್ತು. ಕ್ಯಾಲಿಬ್ರೇಟರ್ (ಪರದೆಯ ಬೆಳಕು, ಬಣ್ಣ ಅಳೆಯುವ ಸಾಧನ) ಎರವಲು ತಂದು ಬೆಳಕನ್ನು ಚದರ ಮೀಟರಿಗೆ ಸುಮಾರು 100 ಕ್ಯಾಂಡೆಲಾಗೆ ಇಳಿಸಿದೆ. ಗೋಡೆಯ ಗುಲಾಬಿ ಕಣ್ಣನ್ನು ಮೋಸಗೊಳಿಸಬಾರದೆಂದು ಅದಕ್ಕೆ ಬೂದು ಬಣ್ಣ ಹೊಡೆಸಿದೆ. ಸೂತಕದ ಮನೆಯ ಹಾಗಿದೆ ಎಂದು ಹೆಂಡತಿ ಇಂದಿಗೂ ಹೇಳುತ್ತಾಳೆ.

ಕೊನೆಗೆ ಲ್ಯಾಬಿನಿಂದ ಅವರ ಯಂತ್ರಕ್ಕೂ ಕಾಗದಕ್ಕೂ ಹೊಂದುವ ಐಸಿಸಿ ಫೈಲ್, ಎಂದರೆ ಅವರ ಪ್ರೊಫೈಲ್, ಕೇಳಿ ಪಡೆದೆ (ಕೂಗಾಡಿದ್ದಕ್ಕೆ ಕ್ಷಮೆ ಕೇಳಿದ ಮೇಲೆ). ಅದನ್ನು ಸಾಫ್ಟ್ ಪ್ರೂಫ್‌ಗೆ (ಪ್ರಿಂಟ್ ಹೇಗೆ ಬರುತ್ತದೆಂದು ಪರದೆಯಲ್ಲೇ ನೋಡುವುದು) ಹಾಕಿ, ಕಾಗದದಲ್ಲಿ ಮೂಡದ ಬಣ್ಣವನ್ನು ಗುರುತಿಸುವ ಗ್ಯಾಮಟ್ ವಾರ್ನಿಂಗ್ ತೆರೆದರೆ ಸೆರಗಿನ ಮೇಲೆಲ್ಲ ಬೂದು ತೇಪೆಗಳು. ಅಷ್ಟು ಕೆಂಪು ಆ ಕಾಗದಕ್ಕೆ ಒಗ್ಗದು ಎಂದರ್ಥ. ಮೂಡದ ಬಣ್ಣವನ್ನಷ್ಟೇ ಕತ್ತರಿಸುವ 'ರಿಲೇಟಿವ್ ಕಲರಿಮೆಟ್ರಿಕ್'ನಲ್ಲಿ ನೋಡಿದರೆ ನಿರಿಗೆಗಳೆಲ್ಲ ಒಂದೇ ಕೆಂಪು ಮುದ್ದೆ. ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಕುಗ್ಗಿಸುವ 'ಪರ್ಸೆಪ್ಚುವಲ್'ನಲ್ಲಿ ಕೆಂಪು ತುಸು ತಗ್ಗಿತು, ನಿರಿಗೆ ಉಳಿಯಿತು. ಅದನ್ನೇ ಗುರುತಾಗಿಟ್ಟುಕೊಂಡು ಸೆರಗಿನ ಸ್ಯಾಚುರೇಶನ್ (ಬಣ್ಣದ ಗಾಢತೆ) ಅಷ್ಟನ್ನೇ ಕೈಯಿಂದ ತಗ್ಗಿಸಿದೆ. ಲ್ಯಾಬಿನ ಪ್ರೊಫೈಲ್ ನೋಡಲು ಮಾತ್ರ. ಕಳಿಸಿದ್ದು ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ, ಪ್ರೊಫೈಲ್ ಸೇರಿಸಿದ ಜೆಪೆಗ್.

ಹೊಸ ಪ್ರಿಂಟ್ ಬಂದ ದಿನ ಆ ತಾಯಿ ಸೀರೆಯನ್ನೇ ಚೀಲದಲ್ಲಿ ತಂದಿದ್ದರು. ಟ್ಯೂಬ್‌ಲೈಟಿನ ಕೆಳಗೆ ಬೇಡವೆಂದು ಬಾಗಿಲಾಚೆಯ ನೆರಳಿಗೆ ಕರೆದೊಯ್ದೆ. ಸೆರಗನ್ನು ಪ್ರಿಂಟಿನ ಪಕ್ಕಕ್ಕೆ ಹಿಡಿದು ಬಹಳ ಹೊತ್ತು ನೋಡಿದರು.

"ಸೀರೆ ಬಂತು. ಅರಿಶಿನ ಇನ್ನೂ ಚೂರು ಕಡಿಮೆ," ಎಂದರು.

ಕಡಿಮೆಯೇ ಇತ್ತು.