ಓರೆ ಬೆನ್ನಿನ ಬಸುರಿಗೆ ಬ್ರಿಟನ್ನಿನಲ್ಲಿ ಯಾರು ಏನು ಮಾಡುತ್ತಾರೆ

ಶಿರಸಿ, ಕುಮಟಾ, ಕಾರವಾರದ ಕಡೆಯಿಂದ ಬ್ರಿಟನ್ನಿಗೆ ಬಂದ ಹೆಣ್ಣುಮಕ್ಕಳಿಗೆ ಮೊದಲು ಒಂದು ಮಾತು. ನಿಮ್ಮ ಬೆನ್ನು ಓರೆ ಇದ್ದರೆ, ಅಂದರೆ ಸ್ಕೋಲಿಯೋಸಿಸ್ ಇದ್ದರೆ, ಬಸುರಿಯಾದ ಮೇಲಿನ ಮೊದಲ ಭೇಟಿಯಲ್ಲೇ ಅದನ್ನು ಬಾಯಿ ಬಿಟ್ಟು ಹೇಳಿ.

ನಮ್ಮ ಕಡೆ ಇದನ್ನು ಮುಚ್ಚಿಡುವ ರೂಢಿ ಇದೆ. ಹೈಸ್ಕೂಲಿಗೆ ಹೋಗುವಾಗ ಯೂನಿಫಾರ್ಮ್ ಹೊಲಿಯುವ ಟೈಲರ್ ಒಂದು ಭುಜ ಮೇಲಿದೆ ಎಂದಿರುತ್ತಾನೆ. ಮನೆಯವರು ಹೆದರಿ ಎಕ್ಸ್‌ರೇ ತೆಗೆಸಿರುತ್ತಾರೆ. ಮದುವೆಯ ಮಾತು ಶುರುವಾಗುವ ಹೊತ್ತಿಗೆ ಆ ಫೈಲು ಕಪಾಟಿನ ತಳಕ್ಕೆ ಸೇರಿರುತ್ತದೆ. ಸೆರಗು ಹೊದ್ದರೆ ಕಾಣುವುದಿಲ್ಲ, ಸುಮ್ನೆ ಯಾಕೆ ಹೇಳಬೇಕು ಅಂತ. ಕೆಲವರ ಗಂಡನಿಗೂ ಪೂರ್ತಿ ವಿಷಯ ಗೊತ್ತಿರುವುದಿಲ್ಲ. ನನ್ನದೂ ಓರೆ ಬೆನ್ನೇ. ಈ ಮುಚ್ಚುಮರೆಯಿಂದ ನೋವು ತಿನ್ನುವವರು ಬಸುರಿಯೇ ಹೊರತು ಬೇರೆ ಯಾರೂ ಅಲ್ಲ ಎಂದು ಕಂಡೇ ಇದನ್ನು ಬರೆಯುತ್ತಿದ್ದೇನೆ.

ಊರಲ್ಲಾದರೆ ಆಶಾ ಕಾರ್ಯಕರ್ತೆ ಮನೆಗೇ ಬಂದು ವಿಚಾರಿಸುತ್ತಾಳೆ, ತಾಯಿ ಕಾರ್ಡ್ ಮಾಡಿಸುತ್ತಾಳೆ. ಇಲ್ಲಿ ನೀವೇ ಮುಂದೆ ಹೋಗಬೇಕು. ಜಿಪಿ ಅಂದರೆ ನಿಮ್ಮ ಏರಿಯಾದ ಡಾಕ್ಟರ್. ಅವರ ಹತ್ತಿರ ಹೋಗಬಹುದು, ಅಥವಾ ಹತ್ತಿರದ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ನೇರವಾಗಿ ಹೆಸರು ಕೊಡಬಹುದು. ನಿಮ್ಮನ್ನು ನೋಡಿಕೊಳ್ಳುವವರು ಮಿಡ್‌ವೈಫ್, ಅಂದರೆ ತರಬೇತಿ ಪಡೆದ ಸೂಲಗಿತ್ತಿ. ಮೊದಲ ದೊಡ್ಡ ಭೇಟಿಗೆ ಬುಕಿಂಗ್ ಅಪಾಯಿಂಟ್‌ಮೆಂಟ್ ಅನ್ನುತ್ತಾರೆ. ಅದು 10 ವಾರದೊಳಗೆ ಆದರೆ ಒಳ್ಳೆಯದು. ಆ ದಿನ ಅವರು ಉದ್ದುದ್ದ ಪ್ರಶ್ನೆಗಳನ್ನು ಕೇಳುತ್ತಾರೆ. ಬೆನ್ನಿನ ಬಗ್ಗೆ ಕೇಳದೇ ಇದ್ದರೂ ನೀವೇ ಹೇಳಿ. ಇಂಗ್ಲಿಷ್ ಕಷ್ಟವಾದರೆ ಕನ್ನಡ ಗೊತ್ತಿರುವ ದುಭಾಷಿ ಬೇಕು ಎಂದು ಮೊದಲೇ ಕೇಳಿಕೊಳ್ಳಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಫೋನಿನಲ್ಲೂ ಮಾಡಿಕೊಡುತ್ತಾರೆ. ಗಂಡನ ಎದುರು ಹೇಳಲು ಸಂಕೋಚ ಇದ್ದರೆ ಮಿಡ್‌ವೈಫ್ ಜೊತೆ ಒಬ್ಬರೇ ಮಾತಾಡಬೇಕು ಎಂದರೆ ಸಾಕು, ಅವರು ವ್ಯವಸ್ಥೆ ಮಾಡುತ್ತಾರೆ.

ಊರಿನ ಕಾಗದಗಳನ್ನು ಈಗಲೇ ತರಿಸಿಕೊಳ್ಳಿ. ನಮ್ಮ ಜಿಲ್ಲೆಯವರ ಕಾಗದ ಒಂದು ಕಡೆ ಇರುವುದಿಲ್ಲ. ಸ್ವಲ್ಪ ದೊಡ್ಡ ಕಾಯಿಲೆಯಾದರೂ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಇಲ್ಲವೇ ಗೋವಾಕ್ಕೆ ಓಡಿದವರು ನಾವು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಎಂದು 2022ರಲ್ಲಿ ಎಷ್ಟು ಕೂಗಿದೆವು, ಅಲ್ವಾ? ಹಾಗಾಗಿ ಎಕ್ಸ್‌ರೇ ಒಂದೂರಲ್ಲಿ, ರಿಪೋರ್ಟ್ ಇನ್ನೊಂದೂರಲ್ಲಿ ಇರುತ್ತದೆ. ಅಪ್ಪನಿಗೋ ತಮ್ಮನಿಗೋ ಹೇಳಿ ಎಲ್ಲದರ ಫೋಟೋ ಹೊಡೆಸಿ ವಾಟ್ಸಾಪ್‌ನಲ್ಲಿ ತರಿಸಿ. ಬೇಕಾದದ್ದು ಕಾಬ್ ಕೋನ ಬರೆದ ರಿಪೋರ್ಟ್. ಬೆನ್ನುಮೂಳೆ ಎಷ್ಟು ಡಿಗ್ರಿ ಬಾಗಿದೆ ಎಂದು ಅದು ಹೇಳುತ್ತದೆ. 10 ಡಿಗ್ರಿ ದಾಟಿದರೆ ಮಾತ್ರ ಸ್ಕೋಲಿಯೋಸಿಸ್ ಅನ್ನುತ್ತಾರೆ. ಆಪರೇಷನ್ ಆಗಿ ರಾಡ್ ಹಾಕಿದ್ದರೆ ಬೆನ್ನುಮೂಳೆಯ ಯಾವ ಮಣಿಯಿಂದ ಯಾವ ಮಣಿಯವರೆಗೆ ಎಂಬ ಟಿಪ್ಪಣಿ ಬೇಕೇ ಬೇಕು. ಬಸುರಿಗೆ ಬೆನ್ನಿನ ಹೊಸ ಎಕ್ಸ್‌ರೇಯನ್ನು ತೀರಾ ಅಗತ್ಯವಿಲ್ಲದೆ ತೆಗೆಯುವುದಿಲ್ಲ. ಆದ್ದರಿಂದ ಹಳೆಯದಕ್ಕೇ ಬೆಲೆ ಜಾಸ್ತಿ.

ನೋವು ಯಾಕೆ ಹೆಚ್ಚುತ್ತದೆ ಎಂಬುದನ್ನೂ ತಿಳಿದಿರಿ, ಹೆದರಿಕೆ ಕಡಿಮೆಯಾಗುತ್ತದೆ. ಬಸಿರಿನಲ್ಲಿ ರಿಲ್ಯಾಕ್ಸಿನ್‌ನಂಥ ಹಾರ್ಮೋನುಗಳು ಸೊಂಟದ ಕೀಲುಗಳ ಕಟ್ಟು ಸಡಿಲಿಸುತ್ತವೆ. ಹೊಟ್ಟೆ ಮುಂದೆ ಬಂದಂತೆ ಭಾರ ಮುಂದೆ ವಾಲುತ್ತದೆ, ಸೊಂಟ ಒಳಗೆ ಬಾಗುತ್ತದೆ. ನೆಟ್ಟಗಿನ ಬೆನ್ನಿನವರಿಗೂ ನೋವು ಬರುತ್ತದೆ. ಓರೆ ಬೆನ್ನಿನಲ್ಲಿ ಒಂದು ಬದಿಯ ಸ್ನಾಯು ಮೊದಲೇ ದಣಿದಿರುತ್ತದೆ, ಅಷ್ಟೇ ವ್ಯತ್ಯಾಸ. ಸಣ್ಣ, ಮಧ್ಯಮ ಬಾಗು ಇರುವ ಹೆಚ್ಚಿನವರಿಗೆ ಬಸಿರು ಸುಸೂತ್ರ ನಡೆಯುತ್ತದೆ, ಸಹಜ ಹೆರಿಗೆಯೂ ಆಗುತ್ತದೆ. ಬಾಗು ತುಂಬಾ ದೊಡ್ಡದಿದ್ದು ಉಸಿರಾಟಕ್ಕೆ ತೊಂದರೆ ಇರುವವರನ್ನು ಮೊದಲಿನಿಂದಲೇ ತಜ್ಞ ವೈದ್ಯರ ಕೈಗೆ ಒಪ್ಪಿಸುತ್ತಾರೆ.

ನೋವಿಗೆ ಎನ್‌ಎಚ್‌ಎಸ್‌, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಕೊಡುವ ಮೊದಲ ಸಹಾಯ ಫಿಸಿಯೋಥೆರಪಿ. ಬಸುರಿಯರನ್ನೇ ನೋಡುವ ಪೆಲ್ವಿಕ್ ಹೆಲ್ತ್ ಫಿಸಿಯೋಗಳು ಇದ್ದಾರೆ. ಮಿಡ್‌ವೈಫ್ ಅಥವಾ ಜಿಪಿ ಕಳಿಸುತ್ತಾರೆ. ಎಷ್ಟೋ ಊರುಗಳಲ್ಲಿ ನೀವೇ ಆನ್‌ಲೈನ್ ಫಾರ್ಮ್ ತುಂಬಬಹುದು. ಕಾಯಬೇಕಾಗುತ್ತದೆ, ಅದಕ್ಕೇ ನೋವು ಸಣ್ಣದಿರುವಾಗಲೇ ಹೆಸರು ಬರೆಸಿ. ನಿಮ್ಮ ಬಾಗು ಯಾವ ಕಡೆ ಎಂದು ನೋಡಿ ವ್ಯಾಯಾಮ ಹೇಳಿಕೊಡುತ್ತಾರೆ, ಬೇಕಿದ್ದರೆ ಸೊಂಟಕ್ಕೆ ಬೆಲ್ಟ್ ಕೊಡುತ್ತಾರೆ. ವೀಸಾ ತೆಗೆಯುವಾಗ ಕಟ್ಟಿದ ಹೆಲ್ತ್ ಸರ್ಚಾರ್ಜ್, ಹೆಚ್ಚಿನ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಇದಕ್ಕೇ ಕಟ್ಟಿದ್ದು. ಕೇಳಲು ನಾಚಿಕೆ ಬೇಡ.

ಈಗ ಕೈರೋಪ್ರಾಕ್ಟರ್, ಅಂದರೆ ಬೆನ್ನು, ಕೀಲುಗಳನ್ನು ಕೈಯಿಂದ ಒತ್ತಿ ನೋವಿಗೆ ಚಿಕಿತ್ಸೆ ಮಾಡುವವರ ವಿಷಯಕ್ಕೆ ಬರೋಣ. ಮೊಬೈಲ್ ತೆರೆದರೆ ಟಕ್ ಟಕ್ ಅಂತ ಬೆನ್ನು ಮುರಿಯುವ ವಿಡಿಯೋಗಳೇ. ನೋಡಿದವರಿಗೆ ನಮ್ಮೂರಲ್ಲಿ ಉಳುಕು ತೆಗೆಯುವವರ ನೆನಪಾಗುತ್ತದೆ. ಆದರೆ ಇಲ್ಲಿ ಅದಕ್ಕೊಂದು ಕಾಯ್ದೆ ಇದೆ. 1895ರಲ್ಲಿ ಅಮೆರಿಕದ ಅಯೋವಾದಲ್ಲಿ ಡಿ. ಡಿ. ಪಾಮರ್ ಶುರುಮಾಡಿದ ಪದ್ಧತಿ ಇದು. ಬ್ರಿಟನ್ನಿನಲ್ಲಿ 1994ರ ಕೈರೋಪ್ರಾಕ್ಟರ್ಸ್ ಕಾಯ್ದೆಯ ಪ್ರಕಾರ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸದವರು ಕೈರೋಪ್ರಾಕ್ಟರ್ ಎಂದು ಹೇಳಿಕೊಳ್ಳುವುದೇ ಅಪರಾಧ. ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಪಟ್ಟಿ ಇದೆ. ಅಪಾಯಿಂಟ್‌ಮೆಂಟ್ ತೆಗೆಯುವ ಮೊದಲು ಅಲ್ಲಿ ಹೆಸರು ಹುಡುಕಿ. ಹೆಸರಿನ ಮುಂದೆ ಡಾಕ್ಟರ್ ಎಂದಿದ್ದರೂ ಅವರು ಎಂಬಿಬಿಎಸ್ ಮಾಡಿದವರಲ್ಲ. ಔಷಧಿ ಬರೆಯುವುದಿಲ್ಲ, ನಿಮ್ಮ ಹೆರಿಗೆಯ ಜವಾಬ್ದಾರಿಯೂ ಅವರದ್ದಲ್ಲ. ಎನ್‌ಎಚ್‌ಎಸ್‌ನಲ್ಲಿ ಈ ಸೇವೆ ಸಿಗುವುದು ಅಪರೂಪ. ಸಾಮಾನ್ಯವಾಗಿ ಕೈಯಿಂದಲೇ ದುಡ್ಡು ಕೊಡಬೇಕು. ಕಂಪನಿಯ ವಿಮೆ ಇದ್ದರೆ ಫೋನ್ ಮಾಡಿ ಕೇಳಿ. ಮೊದಲಿನಿಂದ ಇದ್ದ ತೊಂದರೆಗೆ ಮತ್ತು ಬಸಿರಿಗೆ ಸಂಬಂಧಿಸಿದ್ದಕ್ಕೆ ಕೊಡುವುದಿಲ್ಲ ಎನ್ನುವ ವಿಮೆಗಳೇ ಜಾಸ್ತಿ.

ಅವರಿಂದ ಏನಾಗುತ್ತದೆ, ಏನಾಗುವುದಿಲ್ಲ? ಕೆಲವರಿಗೆ ನೋವು, ಬಿಗಿತ ಇಳಿಯುತ್ತದೆ. ನಾಲ್ಕು ದಿನ ಸುಖವಾಗಿ ನಿದ್ದೆ ಬಂದರೂ ಬಸುರಿಗೆ ಅದು ದೊಡ್ಡದೇ. ಆದರೆ ಬಸಿರಿನಲ್ಲಿ ಇದರ ಪ್ರಯೋಜನದ ಬಗ್ಗೆ ಆಗಿರುವ ಸಂಶೋಧನೆ ಕಡಿಮೆ, ಇರುವುದೂ ಅಷ್ಟು ಗಟ್ಟಿಯಲ್ಲ. ಬಾಗಿದ ಬೆನ್ನು ನೆಟ್ಟಗಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸ್ಕೋಲಿಯೋಸಿಸ್ ಬಾಗನ್ನು ಕೈಯಿಂದ ಒತ್ತಿ ಸರಿಮಾಡಲು ಆಗುವುದಿಲ್ಲ. ಕೈರೋಪ್ರಾಕ್ಟರ್‌ಗಳು ಬಸುರಿಯರಿಗೆ ಮಾಡುವ ವೆಬ್‌ಸ್ಟರ್ ಟೆಕ್ನಿಕ್ ಎಂಬ ವಿಧಾನದ ಹೆಸರೂ ಕಿವಿಗೆ ಬೀಳುತ್ತದೆ. ಅದರಿಂದ ಮಗು ತಲೆಕೆಳಗಾಗಿ ತಿರುಗುತ್ತದೆ ಎಂಬುದಕ್ಕೂ ಒಳ್ಳೆಯ ಪುರಾವೆ ಇಲ್ಲ. 36 ವಾರದ ಹೊತ್ತಿಗೂ ಮಗುವಿನ ತಲೆ ಮೇಲೇ ಇದ್ದರೆ ಆಸ್ಪತ್ರೆಯಲ್ಲೇ ಹೊಟ್ಟೆಯ ಮೇಲಿನಿಂದ ಕೈಯಾಡಿಸಿ ತಿರುಗಿಸಲು ನೋಡುತ್ತಾರೆ. ಅದನ್ನು ಕೇಳಿ ಪಡೆಯಿರಿ.

ಹೋಗುವುದಾದರೆ ಮೊದಲು ಮಿಡ್‌ವೈಫ್‌ಗೆ ತಿಳಿಸಿ. ಕೈರೋಪ್ರಾಕ್ಟರ್‌ಗೆ ಎಷ್ಟನೇ ವಾರ, ಎಷ್ಟು ಡಿಗ್ರಿ ಬಾಗು, ಆಪರೇಷನ್ ಆಗಿದೆಯೋ ಇಲ್ಲವೋ ಎಲ್ಲವನ್ನೂ ಹೇಳಿ. ರಾಡ್ ಹಾಕಿ ಮಣಿ ಕೂಡಿಸಿದ ಜಾಗದಲ್ಲಿ ಜೋರಾಗಿ ಒತ್ತಿ ತಿರುಗಿಸಲು ಯಾವ ಕಾರಣಕ್ಕೂ ಬಿಡಬೇಡಿ. ಕುತ್ತಿಗೆ ತಿರುಗಿಸಿ ಟಕ್ ಅನ್ನಿಸುವುದು ಬೇಡವೆಂದು ಹೇಳಿ. ಅದರಿಂದ ಮೆದುಳಿಗೆ ಹೋಗುವ ರಕ್ತನಾಳ ಸೀಳುವ ಅಪಾಯ ಅಪರೂಪಕ್ಕಾದರೂ ಇದೆ, ಸೊಂಟನೋವಿಗೆ ಅದರ ಅಗತ್ಯವೂ ಇಲ್ಲ. ಸ್ನಾಯು ಸಡಿಲಿಸುವುದು, ಕೀಲನ್ನು ಮೆಲ್ಲಗೆ ಆಡಿಸುವುದು ಇಂಥ ಮೃದು ವಿಧಾನಗಳಿವೆ, ಅವನ್ನೇ ಕೇಳಿ. ದಿನ ತುಂಬುತ್ತಿದ್ದಂತೆ ಅಂಗಾತ ಬಹಳ ಹೊತ್ತು ಮಲಗಿಸಬಾರದು. ಹೊಟ್ಟೆಗೆ ಜಾಗ ಬಿಟ್ಟ ಮೇಜು, ಒರಗಲು ದಿಂಬು ಇರಬೇಕು. ಏನು ಮಾಡುತ್ತೇವೆ, ಅಪಾಯ ಏನು ಎಂದು ಹೇಳಿ ನಿಮ್ಮ ಒಪ್ಪಿಗೆ ಪಡೆಯುವುದು ಅವರ ಕರ್ತವ್ಯ. ಮಧ್ಯದಲ್ಲಿ ಸಾಕು ಎಂದರೆ ನಿಲ್ಲಿಸಲೇಬೇಕು. ದೊಡ್ಡವರು ಮಾಡುವಾಗ ಬೇಡ ಅನ್ನಬಾರದು ಎಂದು ಬೆಳೆದವರು ನಾವು. ಇಲ್ಲಿ ಧೈರ್ಯವಾಗಿ ಬೇಡ ಅನ್ನಿ.

ನಾನು ವಿಚಾರಿಸಿದ ಒಂದು ಕಡೆ ಮೊದಲ ದಿನವೇ ಹೆರಿಗೆಯವರೆಗಿನ ಪ್ಯಾಕೇಜಿಗೆ ದುಡ್ಡು ಕಟ್ಟಿ ಎಂದರು. ನಾನು ಒಪ್ಪದೆ ಎದ್ದು ಬಂದೆ. ಮೂರ್ನಾಲ್ಕು ಸಲಕ್ಕೆ ವ್ಯತ್ಯಾಸ ಕಾಣದಿದ್ದರೆ ಬಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಕೈಯಲ್ಲಿ ದುಡ್ಡು ಬಿಗಿ ಇದ್ದರೆ ಪ್ರೈವೇಟ್ ಫಿಸಿಯೋ ಹತ್ತಿರ ಒಂದು ಸಲ ಹೋಗಿ ವ್ಯಾಯಾಮ ಕಲಿತು ಬರುವುದಕ್ಕೆ ನನ್ನ ವೋಟು.

ಇನ್ನು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ, ಆದರೆ ಓರೆ ಬೆನ್ನಿನವರಿಗೆ ಎಲ್ಲಕ್ಕಿಂತ ಮುಖ್ಯವಾದ ಭೇಟಿಯೊಂದಿದೆ. ಅದು ಅರಿವಳಿಕೆ ತಜ್ಞರ ಭೇಟಿ. ಹೆರಿಗೆ ನೋವಿಗೆ ಎಪಿಡ್ಯೂರಲ್, ಸಿಸೇರಿಯನ್‌ಗೆ ಸ್ಪೈನಲ್, ಎರಡಕ್ಕೂ ಬೆನ್ನಿಗೇ ಸೂಜಿ ಹಾಕಬೇಕು. ಮಣಿಗಳು ತಿರುಚಿದ್ದರೆ ಸೂಜಿಗೆ ದಾರಿ ಸಿಗುವುದು ಕಷ್ಟ. ರಾಡ್ ಇದ್ದರೆ ಮದ್ದು ಒಂದೇ ಬದಿಗೆ ಹರಡಿ ಇನ್ನೊಂದು ಬದಿಯ ನೋವು ಹಾಗೇ ಉಳಿಯಬಹುದು. ನೋವು ಶುರುವಾದ ಮೇಲೆ, ನಡುರಾತ್ರಿಯಲ್ಲಿ, ಇದನ್ನೆಲ್ಲ ವಿವರಿಸಲು ಆಗುತ್ತದಾ? ಆದ್ದರಿಂದ ಮಿಡ್‌ವೈಫ್‌ಗೆ ಹೇಳಿ ಅನಸ್ತೀಸಿಯಾ ಕ್ಲಿನಿಕ್‌ಗೆ ಮುಂಚೆಯೇ ರೆಫರ್ ಮಾಡಿಸಿ. ಊರಿನ ಕಾಗದ ಬೇಕಾಗುವುದು ಇಲ್ಲೇ. ಅವರು ಬೆನ್ನು ಮುಟ್ಟಿ ನೋಡಿ, ಸೂಜಿ ಆಗುತ್ತದೋ ಇಲ್ಲವೋ, ಆಗದಿದ್ದರೆ ಗ್ಯಾಸ್ ಅಂಡ್ ಏರ್ (ಉಸಿರಿನಲ್ಲಿ ಎಳೆದುಕೊಳ್ಳುವ ನೋವಿನ ಗ್ಯಾಸ್), ಬೇರೆ ಇಂಜೆಕ್ಷನ್, ಸಿಸೇರಿಯನ್‌ಗೆ ಪೂರ್ತಿ ಅರಿವಳಿಕೆ, ಯಾವುದೆಂದು ನಿಮ್ಮ ನೋಟ್ಸ್‌ನಲ್ಲಿ ಬರೆದಿಡುತ್ತಾರೆ.

ಮಾತ್ರೆ, ಮುಲಾಮಿನ ವಿಷಯದಲ್ಲಿ ತುಂಬಾ ಹುಷಾರು. ಇಲ್ಲಿ ಬಸುರಿಯ ನೋವಿಗೆ ಮೊದಲು ಹೇಳುವುದು ಪ್ಯಾರಾಸಿಟಮಾಲ್. ಐಬುಪ್ರೊಫೆನ್ ಬೇಡ ಅನ್ನುತ್ತಾರೆ, 20 ವಾರದ ಮೇಲಂತೂ ಡಾಕ್ಟರ್ ಹೇಳದೆ ಮುಟ್ಟಲೇಬಾರದು. ಊರಿಂದ ಸೂಟ್‌ಕೇಸಿನಲ್ಲಿ ತಂದ ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಇದೆ. ನಮ್ಮ ಕಡೆಯ ಎಷ್ಟೋ ನೋವಿನ ಜೆಲ್‌ಗಳಲ್ಲಿ ಡೈಕ್ಲೋಫೆನಾಕ್ ಇರುತ್ತದೆ. ಟ್ಯೂಬಿನ ಹಿಂದೆ ಓದಿ, ಫಾರ್ಮಸಿಯಲ್ಲಿ ತೋರಿಸಿ. ಇಂಗ್ಲೆಂಡಿನಲ್ಲಿದ್ದರೆ ಮೆಟರ್ನಿಟಿ ಎಕ್ಸೆಂಪ್ಶನ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ, ಡಾಕ್ಟರ್ ಬರೆದ ಔಷಧಿ ಮತ್ತು ಎನ್‌ಎಚ್‌ಎಸ್‌ ಹಲ್ಲಿನ ಚಿಕಿತ್ಸೆ ಬಿಟ್ಟಿ. ಮನೆಯಲ್ಲಿ ಹದವಾದ ಬಿಸಿನೀರಿನ ಚೀಲ, ಮೊಣಕಾಲಿನ ನಡುವೆ ದಿಂಬು, 28 ವಾರದ ನಂತರ ಮಗ್ಗುಲಾಗಿಯೇ ನಿದ್ದೆ. ಈಜುಕೊಳಕ್ಕೆ ಹೋಗಲು ಸಾಧ್ಯವಾದರೆ ಹೋಗಿ, ನೀರು ಭಾರ ಹೊರುತ್ತದೆ.

ಕೆಲವು ನೋವುಗಳಿಗೆ ಕೈರೋಪ್ರಾಕ್ಟರ್ ಹತ್ತಿರವಲ್ಲ, ಸೀದಾ ಆಸ್ಪತ್ರೆಗೆ ಹೋಗಬೇಕು. ತೊಡೆಸಂದು, ಗುದದ ಸುತ್ತ ಜೋಮು ಹಿಡಿದರೆ, ಮೂತ್ರ ಹಿಡಿತ ತಪ್ಪಿದರೆ ಅಥವಾ ಹೋಗದೇ ಇದ್ದರೆ, ಎರಡೂ ಕಾಲು ಸೋತರೆ ಆಂಬ್ಯುಲೆನ್ಸ್ ನಂಬರ್ 999ಕ್ಕೆ ಫೋನ್ ಮಾಡಿ ಅಥವಾ ಎಮರ್ಜೆನ್ಸಿಗೆ ಹೋಗಿ. 37 ವಾರಕ್ಕೆ ಮೊದಲು ಸೊಂಟನೋವು ಬಿಟ್ಟು ಬಿಟ್ಟು ಬಂದರೆ, ರಕ್ತ ಅಥವಾ ನೀರು ಹೋದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ಜ್ವರ ಮತ್ತು ಉರಿಮೂತ್ರದ ಜೊತೆ ಬೆನ್ನು ನೋಯುತ್ತಿದ್ದರೆ, ಪಕ್ಕೆಯ ಕೆಳಗೆ ನೋವು, ತಲೆನೋವು, ಕಣ್ಣು ಮಂಜಾಗುವುದು ಕಂಡರೆ ಹೆರಿಗೆ ವಿಭಾಗಕ್ಕೆ ಆಗಲೇ ಫೋನ್ ಮಾಡಿ. ಆ ನಂಬರನ್ನು ಗಂಡನ ಮೊಬೈಲಿನಲ್ಲೂ ಹಾಕಿಡಿ. ಅದು ಸಿಗದಿದ್ದರೆ ಎನ್‌ಎಚ್‌ಎಸ್‌ ಸಹಾಯವಾಣಿ 111.

ಕೆಲಸಕ್ಕೆ ಹೋಗುವವರು ರಜೆಗೆ ಹಿಂಜರಿಯಬೇಡಿ. ಡಾಕ್ಟರ್, ಮಿಡ್‌ವೈಫ್ ಹೇಳಿದ ಬಸಿರಿನ ಭೇಟಿಗಳಿಗೆ ಸಂಬಳ ಕಡಿಯದೆ ಬಿಡುವು ಕೊಡುವುದು ಕಾನೂನು. ಗಂಡನಿಗೂ ಎರಡು ಭೇಟಿಗೆ, ತಲಾ ಆರೂವರೆ ಗಂಟೆಯವರೆಗೆ, ಸಂಬಳವಿಲ್ಲದ ಬಿಡುವು ಸಿಗುತ್ತದೆ. ಅದರಲ್ಲೊಂದನ್ನು ಅರಿವಳಿಕೆ ತಜ್ಞರ ಭೇಟಿಗೆ ಉಳಿಸಿಕೊಳ್ಳಿ.

ಬಾಣಂತನಕ್ಕೆ ಅಮ್ಮ ಬಂದಾಗ ಎಣ್ಣೆ ನೀವಿಸಿಕೊಳ್ಳಿ, ಅಡ್ಡಿಲ್ಲ. ಬೆನ್ನುಮೂಳೆಯ ಮೇಲೆ ಒತ್ತುವುದು ಬೇಡ, ಪಕ್ಕದ ಸ್ನಾಯುವಿಗೆ ಮಾತ್ರ. ಸಿಸೇರಿಯನ್ ಆಗಿದ್ದರೆ ಗಾಯದ ತಂಟೆಗೆ ಹೋಗದಿರಲಿ. ಕೂಸಿಗೆ ಹಾಲೂಡಿಸುವಾಗ ಬಗ್ಗಬೇಡಿ, ದಿಂಬಿಟ್ಟು ಕೂಸನ್ನೇ ಎದೆಯ ಮಟ್ಟಕ್ಕೆ ತನ್ನಿ. ಹೆರಿಗೆಯಾಗಿ 6ರಿಂದ 8 ವಾರಕ್ಕೆ ಜಿಪಿ ನಿಮ್ಮನ್ನು ನೋಡುತ್ತಾರೆ. ಆಗ ಮಾತೆಲ್ಲ ಕೂಸಿನ ಕಡೆಗೇ ಹರಿಯುತ್ತದೆ. ನೋವು ಉಳಿದಿದ್ದರೆ ಅಂದೇ ಹೇಳಿ, ಫಿಸಿಯೋ ಪಟ್ಟಿಗೆ ಮತ್ತೆ ಹೆಸರು ಹಾಕಿಸಿ.