ವೆಲ್ವೀಟಾ ಹಾಕದ ಕೇಸೋ, ನಾಲ್ಕು ಗಂಟೆ ಒಡೆಯಲಿಲ್ಲ

"ವೆಲ್ವೀಟಾ ಇಲ್ದೆ ಕೇಸೋ ನಿಲ್ಲಲ್ಲ ಕಣ್ರೀ, ಸುಮ್ನೆ ದುಡ್ಡು ದಂಡ" ಅಂತ ನಮ್ಮ ಡಲ್ಲಾಸ್ ಕಡೆಯ ಕನ್ನಡದವರಲ್ಲಿ ನನಗೆ ಹೇಳದವರೇ ಇಲ್ಲ. ಕೇಸೋ ಅಂದರೆ ಚಿಪ್ಸ್ ಅದ್ದಿ ತಿನ್ನುವ ಕರಗಿದ ಚೀಸಿನ ಡಿಪ್, ವೆಲ್ವೀಟಾ ಅಂದರೆ ಅದಕ್ಕೆ ಹಾಕುವ, ಡಬ್ಬಿಯಲ್ಲಿ ಬರುವ ಸಂಸ್ಕರಿಸಿದ ಚೀಸ್. ಈ ಸಲ ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್ ಫೈನಲ್) ಭಾನುವಾರ ವೆಲ್ವೀಟಾ ಹಾಕದ ನನ್ನ ಕೇಸೋ ಅವರ ಕಣ್ಣೆದುರೇ ಸ್ಲೋ ಕುಕರಿನಲ್ಲಿ ನಾಲ್ಕು ಗಂಟೆ ನಿಂತಿತು. ಎಣ್ಣೆ ಬಿಡಲಿಲ್ಲ, ತರಿತರಿ ಆಗಲಿಲ್ಲ. ಸುಮಾರು 40 ಜನ ಇದ್ದರು. ಚಿಪ್ಸ್ ಖಾಲಿಯಾದ ಮೇಲೆ ಬ್ರೆಡ್ಡಿನಲ್ಲಿ ಬಳಿದು ತಿಂದರು.

ಈ ಹಠ ಯಾಕೆ ಅಂದರೆ, ಆ ಡಬ್ಬಿಯ ಮೇಲೆ ಬರೀ "ಎನ್‌ಜೈಮ್ಸ್" ಅಂತಿರುತ್ತೆ, ಯಾವುದರಿಂದ ತೆಗೆದದ್ದು ಅಂತಿರಲ್ಲ. ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆಯುವ ರೆನ್ನೆಟ್ ಇರಬಹುದು ಅನ್ನುವ ಅನುಮಾನಕ್ಕೇ ನಮ್ಮಲ್ಲಿ ಅರ್ಧ ಜನ ಕೈ ಹಚ್ಚಲ್ಲ. ಚೆಡ್ಡರ್ ಚೀಸ್ ಆದರೆ ಮೈಕ್ರೋಬಿಯಲ್ (ಸೂಕ್ಷ್ಮಾಣುಗಳಿಂದ ಮಾಡಿದ) ರೆನ್ನೆಟ್ ಅಂತ ಬರೆದಿರುವುದನ್ನೇ ಹುಡುಕಿ ತರಬಹುದು.

ಚೆಡ್ಡರ್ ಹಾಲಿಗೆ ಹಾಕಿ ಕರಗಿಸಿದರೆ ಏನಾಗುತ್ತೆ ಅಂತ ನಿಮಗೂ ಗೊತ್ತು: ಮೇಲೆ ಹಳದಿ ಎಣ್ಣೆ, ತಳದಲ್ಲಿ ರಬ್ಬರ್ ಉಂಡೆ. ಮೈದಾ ಹುರಿದು ಹಾಕಿದೆ, ಒಡೆಯಲಿಲ್ಲ, ಆದರೆ ಅರ್ಧ ಗಂಟೆಗೆ ಮೇಲೆ ಕೆನೆ ಕಟ್ಟಿ, ಬಾಯಲ್ಲಿ ಹಿಟ್ಟು ಹಿಟ್ಟು. ತುರಿದು ಚೀಲದಲ್ಲಿ ಮಾರುವ ಚೀಸ್ ಬೇಡವೇ ಬೇಡ, ಅಂಟದಿರಲಿ ಅಂತ ಹಾಕುವ ಪಿಷ್ಟ, ಸೆಲ್ಯುಲೋಸ್ ಎಲ್ಲ ನಾಲಿಗೆಗೆ ಸಿಗುತ್ತೆ. ದುಬಾರಿ ಹಳೇ ಚೆಡ್ಡರ್ ಇನ್ನೂ ಬೇಗ ಒಡೆಯಿತು. ಅಗ್ಗದ, ಎಳೇ ಚೆಡ್ಡರೇ ಇದಕ್ಕೆ ಸರಿ. ಪನೀರ್ ಹಾಕಿಯೂ ನೋಡಿದೆ, ಅದು ಜನ್ಮದಲ್ಲಿ ಕರಗಲ್ಲ. ಒಂದೇ ಚಳಿಗಾಲದಲ್ಲಿ ಚೀಸಿಗೆ 150 ಡಾಲರ್ ಹತ್ತಿರ ಹೋಗಿರಬೇಕು. ಮನೆಯಲ್ಲಿ ಲೆಕ್ಕ ಕೇಳಿದರು, ನಾನು ಮಾತು ಬದಲಾಯಿಸಿದೆ.

ದಾರಿ ಸಿಕ್ಕಿದ್ದು ವೆಲ್ವೀಟಾದ ಕಥೆಯಲ್ಲೇ. 1918ರಲ್ಲಿ ನ್ಯೂಯಾರ್ಕ್ ರಾಜ್ಯದ ಮನ್ರೋದಲ್ಲಿ ಎಮಿಲ್ ಫ್ರೇ ಅನ್ನುವ ಸ್ವಿಸ್ ಮೂಲದವನು ಕಾರ್ಖಾನೆಯಲ್ಲಿ ಒಡೆದು ಉಳಿದ ಚೀಸ್ ತುಂಡುಗಳನ್ನು ದಂಡವಾಗದಂತೆ ಕರಗಿಸಿ ಮಾಡಿದ್ದು ಅದು. 1927ರಲ್ಲಿ ಕ್ರಾಫ್ಟ್ ಕಂಪನಿ ಕೊಂಡುಕೊಂಡಿತು. ಅದಕ್ಕೂ ಮುಂಚೆ, 1911ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಗರ್ಬರ್ ಮತ್ತು ಸ್ಟೆಟ್ಲರ್ ಅನ್ನುವವರು ಸೋಡಿಯಂ ಸಿಟ್ರೇಟ್ ಹಾಕಿ ಚೀಸ್ ಒಡೆಯದಂತೆ ಕರಗಿಸಿದ್ದರು. ಅದೇ ಉಪ್ಪು ವೆಲ್ವೀಟಾದ ಲೇಬಲ್ ಮೇಲೂ ಇದೆ. ಅಮೆರಿಕದ್ದು, ಟೆಕ್ಸಾಸಿನದ್ದು ಅಂತ ನಾವು ಕೊಂಡಾಡುವ ಡಿಪ್ಪಿನ ಗುಟ್ಟು ಸ್ವಿಸ್ಸಿನವರದು! ಅದರ ಜೊತೆ ಹಾಕುವ ರೋಟೆಲ್ ಅನ್ನುವ ಟೊಮ್ಯಾಟೊ-ಹಸಿಮೆಣಸಿನ ಡಬ್ಬಿ ಮಾತ್ರ ಅಪ್ಪಟ ಇಲ್ಲಿನದು, ದಕ್ಷಿಣ ಟೆಕ್ಸಾಸಿನ ಎಲ್ಸಾ ಊರಿನಲ್ಲಿ 1940ರ ದಶಕದಲ್ಲಿ ಶುರುವಾದದ್ದು.

ಸಿಟ್ರೇಟ್ ಪುಡಿ ಒಂದು ಪೌಂಡ್ ಚೀಲಕ್ಕೆ 12 ಡಾಲರ್ ಕೊಟ್ಟ ನೆನಪು, ವರ್ಷ ಪೂರ್ತಿ ಬರುತ್ತೆ. ಒಂದು ಪೌಂಡ್ ಚೆಡ್ಡರಿಗೆ ಹೆಚ್ಚುಕಡಿಮೆ ಒಂದೂಕಾಲು ಕಪ್ ಹಾಲು, 13 ಗ್ರಾಂ ಪುಡಿ. ಮೊದಲು ಪುಡಿ ಹಾಲಿನಲ್ಲಿ ಕರಗಬೇಕು, ಹಾಲು ಕುದಿಯುವ ಮುಂಚೆ ಉರಿ ತಗ್ಗಿಸಿ ತುರಿದ ಚೀಸನ್ನು ಹಿಡಿಹಿಡಿಯಾಗಿ ಬಿಡಬೇಕು. ಮೊದಲ ಎರಡು ಹಿಡಿ ಹಾಕಿದಾಗ ನೀರು ನೀರಾಗಿ ಕಂಡು ಎದೆ ಧಸಕ್ಕೆನ್ನುತ್ತೆ. ಹೆದರಬೇಡಿ, ಕೈಯಾಡಿಸುತ್ತಾ ಇರಿ, ಸೌಟಿನ ಬೆನ್ನಿಗೆ ಹೊಳಪಾಗಿ ಅಂಟಿಕೊಳ್ಳುವ ಹದ ಬರುತ್ತೆ. ರೋಟೆಲ್ಲಿನ ರಸ ಪೂರ್ತಿ ಬಸಿದು ಕೊನೆಗೆ ಹಾಕಿ. ಹುಳಿ ಜಾಸ್ತಿಯಾದರೆ ಇಷ್ಟೆಲ್ಲ ಮಾಡಿದ್ದೂ ಗಂಟು ಕಟ್ಟುತ್ತೆ. ಸ್ಲೋ ಕುಕರ್ "ವಾರ್ಮ್"ನಲ್ಲೇ ಇರಲಿ, ಮುಚ್ಚಳದ ಕೆಳಗೆ ಒಂದು ಬಟ್ಟೆ ಕಟ್ಟಿ, ಆವಿ ನೀರು ಡಿಪ್ಪಿಗೆ ತೊಟ್ಟಿಕ್ಕಬಾರದು. ಹಸಿಮೆಣಸನ್ನು ನಾನು ಹೇಗೆ ಸುಡುತ್ತೇನೆ, ಜೊತೆಗೆ ಯಾವ ಪುಡಿ ಚಿಟಿಕೆ ಹಾಕುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಮುಂದಿನ ವರ್ಷವೂ ನನ್ನನ್ನು ಕರೆಯಬೇಕಲ್ಲ!

ಪುಡಿ ಮುಗಿದಾಗ ಒಂದು ಆಟ ಆಡಿದೆ. ಇಂಡಿಯನ್ ಅಂಗಡಿಯ ಸಿಟ್ರಿಕ್ ಆಸಿಡ್ 10 ಗ್ರಾಂ, ಅಡುಗೆ ಸೋಡಾ 13 ಗ್ರಾಂ, ಸ್ವಲ್ಪ ನೀರು. ದೊಡ್ಡ ಪಾತ್ರೆಯಲ್ಲೇ ಮಾಡಿ, ಬುಸ್ಸಂತ ಉಕ್ಕುತ್ತೆ. ನೊರೆ ನಿಂತ ಮೇಲೆ ಉಳಿಯುವುದು ಅದೇ ಸಿಟ್ರೇಟ್. ಆ ನೀರಿಗೇ ಹಾಲು ಸೇರಿಸಿ ಮಾಡಿದೆ, ಚೂರು ಉಪ್ಪುಪ್ಪು ಅನ್ನಿಸಿತು, ನಿಂತದ್ದು ಮಾತ್ರ ಹಾಗೇ. ಖರ್ಚು ಕೆಲವು ಸೆಂಟ್.

ಇದೇ ಬುಡದ ಮೇಲೆ ಹೂಕೋಸಿನ ಬಫಲೋ ಡಿಪ್ಪೂ ಮಾಡಿದೆ. ಬಫಲೋ ಊರಿನ ಆಂಕರ್ ಬಾರ್‌ನಲ್ಲಿ 1964ರಲ್ಲಿ ಹುಟ್ಟಿದ್ದು ಅನ್ನುವ ಕೋಳಿರೆಕ್ಕೆಯ ಸಾಸನ್ನೇ ಇದಕ್ಕೂ ಹಾಕುವುದು. ಅದರ ವಿನೆಗರ್ ಹುಳಿಗೆ ಎರಡು ಸಲ ಗಂಟಾಯಿತು. ಈಗ ಸಾಸನ್ನು ಬೆಣ್ಣೆ ಜೊತೆ ಬೇರೆ ಕಾಯಿಸಿ ಬಡಿಸುವಾಗ ಮೇಲೆ ಸುರಿಯುತ್ತೇನೆ.

ಉಳಿದ ಕೇಸೋ ಫ್ರಿಜ್ಜಿನಲ್ಲಿ ಇಟ್ಟಿಗೆಯಾಗುತ್ತೆ. ಒಂದೆರಡು ಚಮಚ ಹಾಲು ಹಾಕಿ ಮೈಕ್ರೋವೇವಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಸಿ ಮಾಡಿ ಕಲಕಿದರೆ ಮತ್ತೆ ಸರಿಹೋಗುತ್ತೆ. ನಮ್ಮ ಮಕ್ಕಳು ಮಾರನೆಯ ದಿನ ಅದನ್ನೇ ಮ್ಯಾಕರೋನಿಗೆ ಹಾಕಿಸಿಕೊಂಡರು.